ಮೂರು ಮೊಳ ಪರದೆ

ರುಸ್ತಾಕಿನ ನನ್ನ ಹೊಲಿಗೆ ಅಂಗಡಿಯ
ಹಿಂಬಾಗಿಲು ತೆರೆದರೆ ಖಮೀಸ್ ಬಿನ್ ಸುವೈದನ ಹಿತ್ತಿಲು.
ನಡುವೆ ಗೋಡೆಯಿಲ್ಲ. ದಾಟಿದರೆ ಒಂದೇ ಹೆಜ್ಜೆಯ ಫಲಜ್,
ಗುಡ್ಡದ ನೀರು ಅದರಲ್ಲಿ ಸರದಿ ಹಿಡಿದು ಬರುತ್ತದೆ:
ಬುಧವಾರ ಅವನ ನಿಂಬೆಗೆ, ಆಮೇಲೆ ಮಸೀದಿಯ ಬೇವಿಗೆ.

ಖರ್ಜೂರದ ಕಾಂಡ ಕೊರೆದು, ಎರಡೂ ಬಾಯಿಗೆ ಬಿಲ್ಲೆ ಮುಚ್ಚಿ
ಒಂದರ ಮೇಲೊಂದು ಮಲಗಿಸಿದ್ದಾನೆ, ಇಪ್ಪತ್ತಮೂರು.
ಗೂಡು ಅನ್ನುವುದಿಲ್ಲ ಅವನು, ತಬಲ್ ಅನ್ನುತ್ತಾನೆ.
ಒಮ್ಮೆ ಕಿವಿಯಿಟ್ಟೆ.
ಯಾರೂ ಬಾರಿಸದೆ ನುಡಿಯುತ್ತಿತ್ತು
ಒಳಗೆಲ್ಲೋ ಒಂದು ಡಗ್ಗ.

"ದರ್ಜಿ, ನನಗೊಂದು ಮುಖಪರದೆ ಹೊಲಿ" ಎಂದ.
ಯಾರದೋ ಮದುವೆಯ ಉಡುಪಿನಲ್ಲಿ ಉಳಿದ
ಮೂರು ಮೊಳ ಕಪ್ಪು ಬಲೆ ಇತ್ತು.
ರುಮಾಲಿನ ಸುತ್ತಳತೆ ಹಿಡಿದು, ಅಂಚಿಗೆ ಲಾಡಿ ಇಟ್ಟು ಕೊಟ್ಟೆ.
ಒಂದು ದಿನವೂ ತೊಡಲಿಲ್ಲ ಮಹಾರಾಯ.
ಬರಿ ಮುಖದಲ್ಲೇ ಬಿಲ್ಲೆ ತೆಗೆದು, ಗೋಣಿಚೂರಿನ ಹೊಗೆ ಊದಿ,
ಸಲಾಂ ಹೇಳಿಯೇ ಒಳಗೆ ಕೈ ಹಾಕುವುದು.

ನನ್ನ ಕ್ಯಾಲೆಂಡರು ಗೋಡೆಯದು, ಹಣ ಕಳಿಸುವ ಅಂಗಡಿಯವರು ಕೊಟ್ಟದ್ದು.
ಅವನದು ಮರದ ಮೇಲಿದೆ.
ಸಮುರ್ ಹಳದಿಯಾಗಿ ಅರಳಿತೆಂದರೆ ಸೆಕೆಯ ಕದ ತೆರೆಯಿತು.
ಆ ಜೇನು ಕಪ್ಪು, ಬೆಲ್ಲದ ಪಾಕ ತುಸು ತಳ ಹಿಡಿದ ಹಾಗೆ.
ಆಮೇಲೆ ನಾಲ್ಕು ತಿಂಗಳು
ಕತ್ತರಿ ಮುಟ್ಟಿದರೆ ಬೊಬ್ಬೆ ಏಳುವ ಬಿಸಿಲು;
ಹುಳಗಳಿಗೆ ಹೂವಿನ ಕೆಲಸವಿಲ್ಲ, ನೀರು ಹೊರುವ ಚಾಕರಿ.
ಫಲಜಿನ ಪಾಚಿಯಂಚಿನಲ್ಲಿ ಸಾಲಾಗಿ ಕೂತು ಹೀರುತ್ತವೆ
ನಲ್ಲಿಯೆದುರಿನ ಕೊಡಗಳಂತೆ, ಜಗಳವಿಲ್ಲದೆ.

ಸೆಪ್ಟೆಂಬರಿನಲ್ಲಿ ಕಡಜ.
ಅವನು ಖರ್ಜೂರದ ಗರಿ ಹಿಡಿದು, ನಾನು ಅಳತೆಪಟ್ಟಿ ಹಿಡಿದು
ಗೂಡಿನ ಬಾಯಿಗೆ ಕಾವಲು ಕೂತೆವು ಮೂರು ಶುಕ್ರವಾರ.
ನನ್ನ ಲೆಕ್ಕ ನಲವತ್ತೊಂದು. ಅವನು ಒಪ್ಪಿದ್ದು ಮೂವತ್ತು.

ತಂತಿಯ ಮೇಲೆ ಕಳ್ಳಿಪೀರವೂ ಅದೇ ಜೇನುಹುಳ ಹಿಡಿಯುತ್ತಿತ್ತು,
ಅಗಸನ ಹಾಗೆ ಬಡಿಬಡಿದು, ಮುಳ್ಳು ಒರೆಸಿ, ನುಂಗಿ.
"ಇದನ್ನೂ ಓಡಿಸಲಾ?"
"ಬೇಡ. ಕಡಜ ಮನೆಯನ್ನೇ ದೋಚುತ್ತದೆ,
ಇವನು ದಾರಿಸುಂಕದವನು. ಇರಲಿ."

ಬೋರೆಯ ದಾಯಾದಿ ಸಿದ್ರ್ ಹೂ ಬಿಟ್ಟಾಗ
ಬೆಳಗಿಗೆ ಮೊದಲ ತಣ್ಪು. ಎಲ್ಲಿಂದಲೋ ಕುಂಡೆಕುಸ್ಕ ಬಂದು
ನನ್ನ ಇಸ್ತ್ರಿಯ ನೀರು ಚೆಲ್ಲಿದಲ್ಲಿ ಬಾಲ ಕುಣಿಸುತ್ತದೆ.
ಚಂದ್ರಮುಕುಟ ತೋಟದ ಮಣ್ಣಿಗೆ ಟಾಕು ಹಾಕುತ್ತ ಹೋಗುತ್ತದೆ,
ನೇರ ಸಾಲು, ಸಮ ಅಂತರ.
ನೋಡಿ ಕಲಿ ಎಂದು ನನ್ನ ಹುಡುಗ ಫಕೀರನಿಗೆ ಹೇಳಿದೆ.

ಆ ಚಳಿಯಲ್ಲೇ ನಿಂಬೆಯ ಕೊಂಬೆಗೆ ಕಿರುಬೆರಳಷ್ಟು ದಪ್ಪದ ಎರಿ.
ನಾನು "ಕೋಲುಜೇನು!" ಎಂದೆ, ತಟ್ಟನೆ, ಕುಂದಾಪ್ರದ ಬಾಯಲ್ಲಿ.
ಗಂಗೊಳ್ಳಿಯ ಕೇದಗೆಯ ಹಿಂಡಿನಲ್ಲಿ ಕಲ್ಲು ಹೊಡೆದು
ಕದ್ದು ನೆಕ್ಕಿದ್ದು ಇದನ್ನೇ.
ಅವನೆಂದ, "ಅಬು ತುವೈಕ್. ತುವೈಕ್ ಅಂದರೆ ಕೊರಳಪಟ್ಟಿ."
ಹೌದು, ಕೊಂಬೆಯ ಕುತ್ತಿಗೆಗೆ ಸರಿಯಾಗಿ ಕೂತಿತ್ತು.
ಮೂವತ್ತು ವರ್ಷ ಕಾಲರು ಹಚ್ಚಿದವನಿಗೆ
ಅಸೂಯೆಯಾಗುವಷ್ಟು ಸರಿಯಾಗಿ.
ಯಾರೂ ಕಲ್ಲೆತ್ತಲಿಲ್ಲ.

ಮತ್ತೆ ಜೂನು. ಖರ್ಜೂರದ ಗೊನೆ ಕೆಂಪೇರುತ್ತಿದೆ.
ಮೊಮ್ಮಗ ಮುಂಧಿರ್ ಮರ ಹತ್ತಿ
ಪಿಕಳಾರಗಳ ಕಾಟಕ್ಕೆ ಗೊನೆಗಳಿಗೆಲ್ಲ ಬಲೆ ಕಟ್ಟಿದ್ದಾನೆ.
ಕೆಳಗಿನ ಗೊನೆಗೆ, ಕೈಗೆಟಕುವಲ್ಲಿ, ನನ್ನ ಮುಖಪರದೆ.
ಲಾಡಿ ಬಿಗಿದು ಗಂಟು ಹಾಕಿದೆ, ಅಂಚು ಗಾಳಿಗೆ ಅಲುಗುತ್ತಿದೆ.

ಅದರೊಳಗೊಂದು ಪಿಕಳಾರ.
ಎಲ್ಲಿಂದ ನುಗ್ಗಿತೆಂದು ಸುತ್ತ ನೋಡಿದೆ:
ಹಿಂಬದಿಯ ಕೂಡುಗೆರೆಯಲ್ಲಿ, ಆ ದಿನ ಕರೆಂಟು ಹೋದಾಗ
ಕೈಯಂದಾಜಿನಲ್ಲಿ ಮುಗಿಸಿದ ಎರಡಂಗುಲ.
ಇಡೀ ರುಸ್ತಾಕಿನಲ್ಲಿ ಅದನ್ನು ಕಂಡುಹಿಡಿದದ್ದು ಇದೊಂದೇ.

ಕಪ್ಪು ಬಲೆಯ ಹಿಂದಿನಿಂದ ನನ್ನನ್ನು ನೋಡಿತು,
ಬಿಳಿ ಕೆನ್ನೆ, ಕೊಕ್ಕಿಗಂಟಿದ ಸಿಹಿ,
ಹಳೆಯ ಜೇನುಗಾರನ ಗತ್ತು.

ಒಳಗೆ ಹೋಗಿ ಸೂಜಿ, ಕಪ್ಪು ದಾರ ತಂದೆ.
ಅದು ತಿಂದು ಮುಗಿಸುವವರೆಗೆ
ನಿಂತೆ.