ಜಮಾನೋ, ಖರ್ಚೋ

ಮೊದಲ ಹೋದದ್ದು ಫೋಲ್ಡರ್.
ಹೋದದ್ದಂದ್ರ ಪೂರಾ ಹೋಗಿದ್ದಿಲ್ಲ,
ಹೆಸರು ಇತ್ತು, ಹಳದಿ ಚಿತ್ರ ಇತ್ತು, ಮೂಲ್ಯಾಗ ಸಣ್ಣದೊಂದು ಬಾಣ.
ಒತ್ತಿದ್ರ ಬಾಗಲಾ ತೆರೀತದ, ಒಳಗ ಮನಿ ಇಲ್ಲ.
ಬ್ರಹ್ಮಪುರದ ಹದಿಮೂರು ಹೆಣ್ಮಕ್ಕಳ ನಾಕು ವರ್ಷದ ಉಳಿತಾಯ
ಆ ಬಾಣದ ಹಿಂದ ಎಲ್ಲೋ ಉಸಿರು ಹಿಡದು ಕುಂತಿತ್ತು.

ಝೆರಾಕ್ಸ್ ಅಂಗಡಿ ಪೆನ್ ಡ್ರೈವಿನಿಂದ ಬಂದದ, ಅಂದ ಮಲ್ಕಣ್ಣ.
ಸೂಪರ್ ಮಾರ್ಕೆಟ್ನಾಗ ಅವಂದು ಅಂಗಡಿ,
ಪಂಖಾ ಯಾವಾಗಲೂ ಅವನ ಕಡಿಗೇ ತಿರುಗಿರ್ತದ.
ವರ್ಷಕ್ಕ ಸಾವಿರದ ಎರಡ್ನೂರು, ಡಬ್ಬಿ ಸಮೇತ.
ಡಬ್ಬಿ ಅಲ್ಲಾಡಿಸಿ ನೋಡಿದೆ.
ಒಳಗೊಂದು ಕಾಗದದ ಸಪ್ಪಳ.

ಮನಿಗೆ ಬಂದು ಪುಕ್ಕಟದ್ದು ಹುಡುಕಿದೆ.
ಒಂದು ಇಳಿಸಿಕೊಂಡೆ. ಅದು ಕಾವಲಗಾರಲ್ಲ, ಬೀಗರ ಪೈಕಿ:
ಅರ್ಧ ತಾಸಿಗೊಮ್ಮೆ ಮಾರಿ ಹೊರಗ ಹಾಕಿ
ನಿಮಗ ಧೋಕಾ ಅದ, ರೊಕ್ಕ ಕಟ್ಟಿದ್ರ ಹೇಳ್ತೀನಿ ಎಲ್ಲದಂತ, ಅಂತದ.
ಇನ್ನೊಂದು ಬಾಯಿ ಸತ್ತದ್ದು. ಆದ್ರ ನಾ ಇವತ್ತು ನೋಡಿದ ಸೀರಿ
ನಾಳಿಗೆ ಕಂಪ್ಯೂಟರ್ ತುಂಬ ಹಾಸಿರ್ತಿತ್ತು.

ಹಿತ್ತಲ ಗ್ವಾಡಿ ಆಚಿ ಮನಿ ತಹಸೀನ್,
ಪಾಲಿಟೆಕ್ನಿಕ್ ಎರಡನೇ ವರ್ಷ, ಮಾತು ಕಡಿಮಿ.
"ಆಂಟಿ, ಮುಫತ್ ಬ್ಯಾರೆ, ಖುಲ್ಲಾ ಬ್ಯಾರೆ.
ಇದು ಖುಲ್ಲಾ.
ಹ್ಯಾಂಗ ಬರದಾರ, ಯಾರು ಬೇಕಾದ್ರೂ ನೋಡಬಹುದು."
ತೋರ್ಸು ಅಂದೆ. ತೋರ್ಸಿದಳು.
ಕೆಳಗ, ಕೆಳಗ, ಇನ್ನೂ ಕೆಳಗ,
ಬೆಲ್ಲದ ಡಬ್ಬಿ ಕಡಿಗೆ ಹೊಂಟ ಇರುವಿ ಸಾಲಿನಂಗ.
ಒಂದಕ್ಷರ ಹತ್ತಲಿಲ್ಲ ನನಗ.
ತೆರೆದಿಟ್ರೇನವ್ವ, ಓದಾಕ ಬರಲಾರದಕಿಗೆ?

ಆಕಿ ಟ್ರಂಕಿನ ಮ್ಯಾಲಿನ ಸಂಘದ ವಹಿ ನೋಡಿದಳು.
"ಗುಂಡಮ್ಮಗ ಓದಾಕ ಬರ್ತದೇನು?"
ಇಲ್ಲ.
"ಮತ್ತ ಶುಕ್ರವಾರಕ್ಕೊಮ್ಮೆ ಚಾಪಿ ನಡು ಯಾಕ ತೆರೆದಿಡ್ತೀರಿ?"

ಸುಮ್ಮ ಕುಂತೆ.
ಗುಂಡಮ್ಮ ತನ್ನ ಸಾಲಿನ ಮ್ಯಾಲೇ ಬೆರಳಿಡ್ತಾಳ,
ಅದೇ ತಂದು ಅಂತ ಆಕಿಗೆ ಹ್ಯಾಂಗ ಗೊತ್ತೋ,
ಎಲಿ ಅಡಕಿಯ ಸುಣ್ಣ ಹತ್ತಿದ ಬೆರಳು,
ಪುಟ ಪುಟಕ್ಕೂ ಅಲ್ಲೊಂದು ಬಿಳಿ ಗುರ್ತು.
ಒಮ್ಮೆ, ಒಂದೇ ಒಮ್ಮೆ, ಮಗಳ ಫೀಸಿಗಂತ
ಮುನ್ನೂರು ರೂಪಾಯಿ ಆಚಿ ಈಚಿ ಮಾಡೋ ವಿಚಾರ ಬಂದಿತ್ತು.
ಆ ಬೆರಳು ನೆನಪಾಗಿ ಪೆನ್ನು ಕೆಳಗಿಟ್ಟೆ.
ಓದಾಕ ಬರಲಾರದ ಬೆರಳು.

ಖುಲ್ಲಾದ್ದೇ ಹಾಕು, ಅಂದೆ.
"ಖರೇ ಹೇಳ್ತೀನಿ ಆಂಟಿ, ಇದು ಬಾಗಲಾಗ ಕುಂದ್ರಂಗಿಲ್ಲ.
ಕರದ್ರ ಬರ್ತದ, ಹುಡುಕ್ತದ, ಹೋಗ್ತದ.
ಕರಿಯೋದು ನೀವು ಮರೀಬ್ಯಾಡ್ರಿ.
ಬಾಗಲಾ ಕಾಯಾಕ ಕಂಪ್ಯೂಟರ್ ಜೋಡಿ ಬಂದ ಕಾವಲು ಅದ,
ಅದನ್ನ ಆರಿಸಬ್ಯಾಡ್ರಿ."

ಏಪ್ರಿಲ್ ರಾತ್ರಿ. ಫರಸಿಗೆ ನೀರು ಹೊಡದು ಮಲಗಿದ್ರೂ ಬೆನ್ನು ಸುಡ್ತದ.
ಮೂಲ್ಯಾಗ ಅದು ಒಂದೊಂದೇ ಫೈಲ್ ತೆಗೆದು ನೋಡ್ತದ
ಮರದಾಗ ತೊಗರಿಬ್ಯಾಳಿ ಹಸನ ಮಾಡಿದಂಗ.
ಎರಡೂವರಿಗೆ ಕರೆಂಟ್ ಹೋತು.
ಮತ್ತ ಮೊದಲಿಂದ.
ಬೆಳಕು ಹರಿಯೋದ್ರಾಗ ಹದಿನೇಳು ಕಲ್ಲು ಆರಿಸಿ ಬದಿಗಿಟ್ಟಿತ್ತು.
ತಹಸೀನ್ ಕರಿ ಪರದಿ ತೆರೆದು ಒಂದು ಸಾಲು ಬರದಳು,
ಅಡಗಿದ್ದ ಫೋಲ್ಡರ್ ಎಲ್ಲಾ ನಾಚಿಕೊಂತ ಹೊರಗ ಬಂದವು.

ಶುಕ್ರವಾರ. ಚಾಪಿ. ವಹಿ.
ರಿಪೇರಿಗೆ ಎಷ್ಟಾತು, ಅಂದಳು ಜಗದೇವಿ.
ಸೊನ್ನಿ.
ಸೊನ್ನಿಗೆ ಯಾರ ಕೊಟ್ರು?
ಗೊತ್ತಿಲ್ಲ, ಮಾರಿ ಕಾಣದ ಮಂದಿ, ಎಲ್ಲೆಲ್ಲೋ ಕುಂತು ಬರದಾರ.
ಹಂಗಾದ್ರ ಬರಿ ವಹ್ಯಾಗ, ಅಂದಳು ಗುಂಡಮ್ಮ, ಎಲಿಗೆ ಸುಣ್ಣ ಹಚ್ಚಿಕೊಂತ.
ಎಲ್ಲಿ ಬರೀಲಿ?
ಜಮಾದಾಗೋ, ಖರ್ಚಿನಾಗೋ?

ಹದಿಮೂರು ಮಂದಿ ಅರ್ಧ ತಾಸು ಬಡದಾಡಿದ್ವಿ. ಚಾ ಆರಿತು.
ಆ ಸಾಲು ಇನ್ನೂ ಖಾಲಿ ಅದ.
ಇಲ್ಲಿ, ಅಂತ ಆಕಿ ಬೆರಳಿಟ್ಟು ತೋರಿಸಿದ್ದಕ್ಕ
ಒಂದು ಬಿಳಿ ಗುರ್ತು ಮಾತ್ರ.