ಬಟನ್ ಟೈರು

ಗುತ್ತಲು ರಸ್ತೆಯ ಇನಾಯತ್ ಸಾಬರು ಮೊದಲೇ ಹೇಳಿದ್ದರು:
"ಹಾಕಿಸ್ಕೊ ಕಣಣ್ಣ, ಗದ್ದೇಲಿ ಎಮ್ಮೆ ಇದ್ದಂಗೆ.
ಟಾರ್ ರೋಡಲ್ಲೂ ಎಮ್ಮೇನೇ. ಆಮೇಲೆ ನನ್ನ ಬಯ್ಬೇಡ."
ನಾಲ್ಕೂ ಹೊಸದು, ಸ್ಟೆಪ್ನಿ ಮಾತ್ರ ಹಳೇದು.
ಬೊಲೆರೊ ಎರಡು ಬೆರಳು ಎತ್ತರವಾಯಿತು;
ಹತ್ತುವಾಗ ಪ್ರಭಾಮಣಿ ನೆರಿಗೆ ಹಿಡಿದೆತ್ತಿ
ಒಂದು ಸಲ ಟೈರು ನೋಡಿದಳು, ಒಂದು ಸಲ ನನ್ನ.

ನನ್ನ ಕಸುಬು ಬೋರಿಂದ ಮೋಟರು ಎತ್ತೋದು.
ಹಿಂದೆ ಮೂರು ಕಾಲಿನ ಸ್ಟ್ಯಾಂಡು, ಚೈನು, ಹಗ್ಗ, ಮಂಟೇಲಿಂಗ.
ರಸ್ತೆ ಪಕ್ಕದ ಮೋಟರು ಯಾವತ್ತೂ ಕೆಡುವುದಿಲ್ಲ.
ಕೆಡುವುದು ಕಬ್ಬು ದಾಟಿ, ನಾಲೆ ಏರಿ ದಾಟಿ,
ಆಗಷ್ಟೇ ನೀರು ಕಟ್ಟಿದ ಗದ್ದೆಯ ಆಚೆ ತುದಿಯದು.
ಹೋದ ವರ್ಷ ಬಸರಾಳಿನ ಹತ್ತಿರ ಹೂತುಹೋದಾಗ
ಒಂದು ಟ್ರಾಕ್ಟರು, ಎರಡು ಜೊತೆ ಎತ್ತು, ಇಡೀ ಊರಿನ ನಗು
ಸೇರಿ ಎಳೆದವು.
ಎತ್ತಿಗೆ, ಟ್ರಾಕ್ಟರಿಗೆ ಅವತ್ತೇ ದುಡ್ಡು ಕೊಟ್ಟೆ.
ನಗುವಿಗೆ ಕೊಟ್ಟದ್ದು ಈ ಟೈರು.

ಈಗ ಕೆಸರಿಗಿಳಿದರೆ ಗಾಡಿ ಒಂದು ಗಳಿಗೆ ಯೋಚಿಸುತ್ತದೆ,
ಆಮೇಲೆ ಮುದ್ದೆ ನುಂಗಿದ ಹಾಗೆ
ಅಗಿಯದೆ, ಆತುರವಿಲ್ಲದೆ, ಗದ್ದೆಯನ್ನೇ ನುಂಗುತ್ತ ಹೋಗುತ್ತದೆ.
ಹಿಂದೆ ನಿಂತು "ಹೊಡಿ, ಹೊಡಿ" ಅನ್ನುತ್ತಿದ್ದ ಮಂಟೇಲಿಂಗ
ಈಗ ಬೀಡಿ ಹಚ್ಚುತ್ತಾನೆ.

ಆದರೆ ಕೆಸರು ದಿನಕ್ಕೆ ಅರ್ಧ ಮೈಲಿ.
ಮಿಕ್ಕಿದ್ದೆಲ್ಲ ಟಾರು.
ಮೂವತ್ತರಲ್ಲಿ ದುಂಬಿ,
ಐವತ್ತರಲ್ಲಿ ಹಿಟ್ಟಿನ ಗಿರಣಿ,
ಎಪ್ಪತ್ತರಲ್ಲಿ ಯಾರ ಮಾತೂ ಯಾರಿಗೂ ಇಲ್ಲ.
ಲೀಟರಿಗೆ ಹದಿಮೂರು ಬರುತ್ತಿದ್ದದ್ದು ಹತ್ತೂವರೆ.
ರಾತ್ರಿ ತಟ್ಟೆ ಮುಂದೆ ಕೂತರೂ
ಸ್ಟೇರಿಂಗಿನ ನಡುಕ ಅಂಗೈಯಲ್ಲೇ ಇರುತ್ತದೆ.
ಕೊಪ್ಪದ ಕೆಲಸ ಅಂತ ಹೇಳಿ ಇಸ್ಪೀಟಿಗೆ ಹೋದ ದಿನ
ಎಂಟು ಮನೆಯವರು ಸಾಕ್ಷಿ ಹೇಳಿದರು:
"ಗುಂಯ್ ಅಂತ ಫ್ಯಾಕ್ಟ್ರಿ ಕಡೆ ಹೋಯ್ತಲ್ಲ ಕಣಕ್ಕ."

ಮಗಳಿಗೆ ಇಂಪನ ಅಂತ ಹೆಸರಿಟ್ಟವನು
ಈ ಸದ್ದಲ್ಲಿ ಅವಳನ್ನು ಸ್ಕೂಲಿಗೆ ಬಿಡುತ್ತೇನೆ.
ಗೇಟಿಗಿಂತ ಮುಂಚೆ, ಬೇಕರಿ ಹತ್ತಿರವೇ ಇಳಿಯುತ್ತಾಳೆ.
ನಾನು ಕೇಳಿಲ್ಲ, ಅವಳು ಹೇಳಿಲ್ಲ.

ಬೆಳಗ್ಗೆ ಮನೆ ಮುಂದೆ ಮಣ್ಣು ಉದುರಿರುತ್ತದೆ,
ಅಚ್ಚಿನಿಂದ ತೆಗೆದ ಬೆಲ್ಲದ ಹಾಗೆ ಚೌಕ ಚೌಕ.
ಪ್ರಭಾಮಣಿ ಪೊರಕೆ ಊರಿ ನಿಂತು ಓದುತ್ತಾಳೆ:
"ಇದು ನಾಗಮಂಗಲದ ಕಡೇದು, ಕೆಂಪಗದೆ.
ಇದು ನಾಲೆ ಕೆಳಗಿಂದು, ಜಿಗುಟು."
ನಾಲೆ ಮಣ್ಣನ್ನು ಕನಕಾಂಬರದ ಡಬ್ಬಕ್ಕೆ ಸುರಿಯುತ್ತಾಳೆ.
ಯಾರೂ ಬಿತ್ತದ ಭತ್ತ ಅಲ್ಲಿ ಎರಡು ಎಲೆ ಬಿಟ್ಟಿದೆ.
ಕೀಳಬೇಡಿ ಅಂದಿದ್ದಾಳೆ.

ಮೊನ್ನೆ, ಹದಿನೈದು ದಿನ ಬಿಟ್ಟು ಬಂದ ಮಳೆ.
ಸಂಜಯ ವೃತ್ತ. ಮುಂದೆ ಕಬ್ಬಿನ ಟ್ರಾಕ್ಟರು. ಬ್ರೇಕು ತುಳಿದೆ.
ಮೊಣಕಾಲುದ್ದ ಕೆಸರಲ್ಲಿ ಬಿಡದ ಟೈರು
ನುಣ್ಣನೆ ಟಾರಿನ ಮೇಲೆ ಕೈ ಬಿಟ್ಟಿತು.
ಎರಡು ಟನ್ನು ತನ್ನ ಪಾಡಿಗೆ ತಾನು
ಸದ್ದೇ ಇಲ್ಲದೆ
(ಅಷ್ಟು ದಿನದಲ್ಲಿ ಮೊದಲ ಸಲ ಸದ್ದೇ ಇಲ್ಲದೆ)
ಹೋಯಿತು.
ಉದ್ದಕ್ಕೆ ಚಾಚಿದ್ದ ಒಂದು ಜಲ್ಲೆ ಗಾಜಿಗೆ ತಾಗಿ
ಟಕ್ ಅಂತು, ಬಾಗಿಲು ತಟ್ಟಿದ ಹಾಗೆ. ಅಷ್ಟಕ್ಕೇ ನಿಂತೆವು.

ಟ್ರಾಫಿಕ್ಕಿನವರು ಬಗ್ಗಿ ನೋಡಿ ಕೇಳಿದರು:
"ಇಷ್ಟೊಂದು ಹಲ್ಲಿದ್ದೂ ಕಚ್ಲಿಲ್ವಾ?"
ಮಂಟೇಲಿಂಗ ಇಳಿದು ಅದೇ ಜಲ್ಲೆ ಮುರಿದುಕೊಂಡ;
ಕಲ್ಲಹಳ್ಳಿಯವರೆಗೂ ಅಗಿದ, ಮಾತಾಡಲಿಲ್ಲ.

ಈಗ ಮಳೆ ಬಂದರೆ ಆಟೋಗಳೂ ನನ್ನ ಹಿಂದೆ ಹಾಕುತ್ತವೆ.
ಹಾಕಲಿ.

ಸಂಜೆ ಸ್ಕ್ರೂಡ್ರೈವರು ಹಿಡಿದು ಟೈರಿನ ಸಂದಿಯ ಕಲ್ಲು ಕೀಳುತ್ತಿದ್ದೆ.
ಇಂಪನ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು,
ಕೈಯಿಂದ ಕಸಿದು ತಾನೇ ಒಂದು ಎಬ್ಬಿದಳು:
ಬೆಳ್ಳಗೆ, ಹಾಲುಹಲ್ಲಿನಷ್ಟು.
"ಇದು ಎಲ್ಲಿಂದಪ್ಪ?"
ಆ ವಾರ ಹನ್ನೊಂದು ಊರು ಸುತ್ತಿದ್ದೆ.
ಗೊತ್ತಿಲ್ಲ ಮಗ, ನಿಮ್ಮಮ್ಮನ್ನ ಕೇಳು ಅಂದೆ.