ಹನ್ನೊಂದನೇ ಹನಿ

ಮಗಳ ಮುಂಗೈ ಮೇಲೆ ನೀಲಿ ಪೆನ್ನಿನಲ್ಲಿ
ಒಂದರಿಂದ ಹದಿನಾರು.
ಅಂಕಿಗೊಂದು ಹನಿ, ಹನಿಗೊಂದು ಚುಚ್ಚು.
ಧೂಳುಹುಳ, ಜಿರಲೆ, ಕಾಂಗ್ರೆಸ್ ಗಿಡ, ಪಾರಿವಾಳದ ಪುಕ್ಕ.
ಹನ್ನೊಂದು: ಹಸುವಿನ ಕೂದಲು.
ಕಾಲು ಗಂಟೆ ತುರಿಸಬಾರದು.
ಇಂಚರ ತುಟಿ ಕಚ್ಚಿ ಫ್ಯಾನು ನೋಡುತ್ತಾಳೆ.

ಮನೆಯಲ್ಲಿ ಬೇರೆ ಯಾರಿಗಾದರೂ? ಕೇಳಿದರು ಡಾಕ್ಟರು.
ಅಮ್ಮನಿಗೆ, ಅಂದೆ.
ಕಾಟನ್‌ಪೇಟೆಯಿಂದ ಲಗ್ಗೆರೆಯ ಕೊಟ್ಟಿಗೆಮನೆಗೆ ಸೊಸೆಯಾಗಿ ಬಂದವಳು
ಸೀರೆ ಟ್ರಂಕಿನ ಜೊತೆ ಉಬ್ಬಸವನ್ನೂ ಇಳಿಸಿದಳು.
ರಾತ್ರಿ ಗೋಡೆಗೊರಗಿ ಕೂತರೆ ಅವಳೆದೆಯಲ್ಲಿ
ಯಾರೋ ತುಕ್ಕು ಗೇಟು ತೆಗೆದು ಹಾಕುವ ಸದ್ದು.
ನನಗೆ, ಅಣ್ಣನಿಗೆ ಅದು ಬರಲಿಲ್ಲ.
ಕರುವಿನ ಹಗ್ಗ ಹಿಡಿದು ನಡೆಯಲು ಕಲಿತವರು ನಾವು,
ಹುಲ್ಲಿನ ಮೆದೆಯಲ್ಲಿ ನಿದ್ದೆ, ಸಗಣಿ ಕೈಯಲ್ಲೇ ಬೆಲ್ಲ.

ನಿಮಗೂ ಬಂದಿರಬಹುದು, ಅಂದರು. ಅಕ್ಷರ ಅದೇ.
ಅದರಿಂದ ಯಾವ ಪದ ಆಗುತ್ತೆ ಅನ್ನೋದು
ಮೊದಲ ವರ್ಷಗಳ ಧೂಳಿಗೆ ಬಿಟ್ಟಿದ್ದು.
ಕೆಲವು ಸಲ ಕೇಡಿನ ಅಕ್ಷರವೇ
ಕೊಟ್ಟಿಗೆಯಲ್ಲಿ ಕಾವಲಿಗೆ ನಿಲ್ಲುತ್ತೆ.

ಉಸಿರು ಬರೆಯಲೂ ಉ ಬೇಕು,
ಉಬ್ಬಸ ಬರೆಯಲೂ ಉ.

ಮತ್ತೆ ಕೇಳಿದರು, ತಲೆ ಎತ್ತದೆ:
ಬಸುರಿಯಾಗಿದ್ದಾಗ ಕೊಟ್ಟಿಗೆಗೆ ಹೋಗ್ತಿದ್ರಾ?

ಇಲ್ಲ.
ಏಳನೇ ಕ್ಲಾಸಲ್ಲಿ ಪಕ್ಕದ ಬೆಂಚಿನವಳು ಮೂಗು ಮುಚ್ಚಿಕೊಂಡ ದಿನದಿಂದ
ಎರಡು ಸಲ ಸೋಪು ಹಚ್ಚುತ್ತ ಬಂದವಳು ನಾನು.
ಬಾಣಸವಾಡಿಯಲ್ಲಿ ಐದನೇ ಮಹಡಿ ಸಿಕ್ಕಾಗ
ನೆಲ ಒರೆಸುವ ನೀರಿಗೆ ಒಂದು ಮುಚ್ಚಳ ಜಾಸ್ತಿ ಸುರಿದೆ.
ಅಣ್ಣ ಹಾಲಿನ ಕ್ಯಾನು ಹಿಡಿದು ಬಂದರೆ
ಚಪ್ಪಲಿ ಲಿಫ್ಟಿನ ಹತ್ತಿರವೇ ಬಿಡಿಸಿದೆ.
ಮಗು ಎತ್ತಿಕೊಳ್ಳೋ ಮುಂಚೆ ಕೈ ತೊಳಿ, ಅಂದೆ.
ತೊಳೆದ. ಎರಡು ಸಲ.

ಅವನ ಮಗ ಲೋಹಿತನಿಗೆ ಒಂದು ಸೀನೂ ಇಲ್ಲ.
ಲೋಹಿತನ ಅಕ್ಕನ ಬ್ಯಾಗಿನಲ್ಲಿ ಮಾತ್ರ ನೀಲಿ ಪಂಪು.
ಅದೇ ಕೊಟ್ಟಿಗೆ, ಅದೇ ಕರು.
ಯಾಕೆ ಅಂತ ನಾನು ಕೇಳಲಿಲ್ಲ,
ಅವರೂ ಹೇಳಲಿಲ್ಲ.

ನರ್ಸು ಸ್ಕೇಲು ಇಟ್ಟಳು.
ಒಂದು ಉಬ್ಬಿದೆ, ಮೂರು ಉಬ್ಬಿದೆ,
ಏಳು ಹುಣಸೆಬೀಜದಷ್ಟು.
ಹನ್ನೊಂದು ಮಟ್ಟಸ.

ಸಂಜೆ ಲಗ್ಗೆರೆಗೆ ಹೋದೆವು.
ರಿಂಗ್ ರೋಡಿನ ಲಾರಿಗಳಿಗೆ ಕೊಟ್ಟಿಗೆಯ ತಗಡು ನಡುಗುತ್ತಿತ್ತು.
ಗೊತ್ತು, ಆರು ವರ್ಷ ತಡ.
ಕರು ಅವಳ ಮುಂಗೈ ನೆಕ್ಕಿತು,
ಹದಿನಾರರಿಂದ ಹಿಂದಕ್ಕೆ, ಒಂದೊಂದೇ ಅಂಕಿ.
ನನ್ನ ಕೈ ಬ್ಯಾಗಿಗೆ ಹೋಯಿತು, ಸ್ಯಾನಿಟೈಸರ್ ಬಾಟಲಿ ಸಿಕ್ಕಿತು.
ಅಲ್ಲೇ, ಒಳಗೇ, ಹಿಡಿದುಕೊಂಡು ನಿಂತೆ.